ಇಲಿಯ ಬಾಲ, ನನ್ನ ಕಿರುಬೆರಳು

ಬೈಲಹೊಂಗಲದಲ್ಲಿ ರಕ್ತನಾಳಗಳ ಬಗ್ಗೆ ನನ್ನಷ್ಟು ಮಾತಾಡಬಲ್ಲವರು ಇನ್ನೊಬ್ಬರಿಲ್ಲ. ಇದು ಜಂಬವಲ್ಲ, ಈ ವಿಷಯಕ್ಕೆ ಇಲ್ಲಿ ಪೈಪೋಟಿಯೇ ಇಲ್ಲ. ಹತ್ತಿ, ಕಬ್ಬು, ಎತ್ತಿನ ಹಲ್ಲು ಬಲ್ಲವರು ಸಂತೆಯ ದಿನ ಗುಂಪು ಗುಂಪಾಗಿ ಸಿಗುತ್ತಾರೆ. ರಕ್ತನಾಳಕ್ಕೆ ನಾನೊಬ್ಬನೇ. ನನ್ನ ಹೆಸರು ಮಡಿವಾಳೆಪ್ಪ. ಹುಟ್ಟೂರು ಮುರಗೋಡ. ಇಲ್ಲಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿ ಹೊಟ್ಟೆ ಹೊರೆಯುತ್ತೇನೆ. ಹೆಸರಿನ ಮುಂದೆ ಡಾಕ್ಟರ್ ಎಂದು ಹಚ್ಚಿಕೊಂಡಿದ್ದರಿಂದ ಆಗಾಗ ಯಾರಾದರೂ ಕೆಮ್ಮಿಗೆ ಗುಳಿಗೆ ಕೇಳುತ್ತಾರೆ. ನಾನು ಆ ಡಾಕ್ಟರ್ ಅಲ್ಲ ಎಂದರೆ, "ಹಂಗಾರ ಯಾತರ ಡಾಕ್ಟರ್ರೀ?" ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ಹೋಗುತ್ತಾರೆ.

ಉತ್ತರ ಹೀಗಿದೆ. ನಾನು ಇಲಿಯ ಬಾಲದ ಡಾಕ್ಟರ್. ಹರೆಯದ ಒಳ್ಳೆಯ ವರ್ಷಗಳನ್ನು ಧಾರವಾಡದ ಒಂದು ಲ್ಯಾಬಿನಲ್ಲಿ ಇಲಿಯ ಬಾಲಕ್ಕೆ ಕೊಟ್ಟೆ. ಆ ಬಾಲದೊಳಗೆ ಶ್ಯಾವಿಗೆ ಎಳೆಯಂಥ ಒಂದು ರಕ್ತನಾಳ ಇರುತ್ತದೆ. ಅದನ್ನು ಬಿಡಿಸಿ, ಉಂಗುರ ಉಂಗುರವಾಗಿ ಕತ್ತರಿಸಿ, ಸಣ್ಣ ತಂತಿಗೆ ಸಿಕ್ಕಿಸಿ ಉಪ್ಪುನೀರಿನಲ್ಲಿ ಇಳಿಬಿಟ್ಟರೆ, ಇಲಿ ಹೋದರೂ ಉಂಗುರ ತನ್ನಷ್ಟಕ್ಕೆ ಬಿಗಿಯುತ್ತದೆ, ಸಡಿಲಾಗುತ್ತದೆ. ಯಾಕೆಂದರೆ ನಾಳದ ಗೋಡೆಯಲ್ಲಿ ಸ್ನಾಯುವಿನ ಕೋಶಗಳಿವೆ, ಪ್ರತಿ ಕೋಶದ ಪೊರೆಯಲ್ಲೂ ಕಣ್ಣಿಗೆ ಕಾಣದ ಬಾಗಿಲುಗಳಿವೆ. ಕ್ಯಾಲ್ಸಿಯಂ ಒಳಗೆ ಬರುವ ಬಾಗಿಲು ತೆರೆದರೆ ಸ್ನಾಯು ಬಿಗಿಯುತ್ತದೆ. ಪೊಟ್ಯಾಸಿಯಂ ಹೊರಗೆ ಹೋಗುವ ಬಾಗಿಲು ತೆರೆದರೆ ಸಡಿಲಾಗಿ ರಕ್ತಕ್ಕೆ ದಾರಿ ಬಿಡುತ್ತದೆ. ದೇಹದಲ್ಲಿ ಆಮ್ಲಜನಕದ ಕೆಲವು ಪುಂಡ ಕಣಗಳು ಸದಾ ಹುಟ್ಟುತ್ತಿರುತ್ತವೆ. ಅಷ್ಟಿಷ್ಟು ಇದ್ದರೆ ದೇಹವೇ ಅವನ್ನು ಅಡಗಿಸುತ್ತದೆ. ಅಳತೆ ಮೀರಿದರೆ ಅವು ಈ ಬಾಗಿಲುಗಳಿಗೆ ತುಕ್ಕು ಹಿಡಿಸುತ್ತವೆ. ಪೊಟ್ಯಾಸಿಯಂ ಬಾಗಿಲು ಬಿಗಿದು ಕೂರುತ್ತದೆ, ಕ್ಯಾಲ್ಸಿಯಂ ಬಾಗಿಲು ಬೇಡವೆಂದರೂ ತೆರೆಯುತ್ತದೆ. ನಾಳದ ಒಳಪದರದ ಕೋಶಗಳು ಸ್ನಾಯುವಿಗೆ "ಸಡಿಲಾಗು" ಎಂದು ಹೇಳಿ ಕಳಿಸುವ ಸುದ್ದಿಯೂ ದಾರಿಯಲ್ಲೇ ಹಾಳಾಗುತ್ತದೆ. ಕೊನೆಗೆ ನಾಳ ಮುಷ್ಟಿ ಹಿಡಿದುಕೊಂಡು ಕೂತುಬಿಡುತ್ತದೆ.

ಇದನ್ನೆಲ್ಲ ನಾನು ಕಂಡುಹಿಡಿದೆ ಎಂದುಕೊಳ್ಳಬೇಡಿ. ಬೇರೆಯವರು ಕಂಡುಹಿಡಿದದ್ದು ಧಾರವಾಡದ ಇಲಿಗಳಿಗೂ ಅನ್ವಯಿಸುತ್ತದೆ ಎಂದು ತೋರಿಸಿದ್ದಷ್ಟೇ ನನ್ನ ಸಾಧನೆ. ಪುಂಡ ಕಣಗಳನ್ನು ಎಬ್ಬಿಸಲು ಉಂಗುರದ ನೀರಿಗೆ ನಾನು ಹನಿ ಹನಿಯಾಗಿ ಬಿಡುತ್ತಿದ್ದದ್ದು ತಂಬಾಕಿನ ಸಾರ.

ಹಾಗೆ ಬಿಡಲು ಹೋಗುವ ಮುಂಚೆ, ದಿನಾ ಬೆಳಿಗ್ಗೆ, ನಾನು ಹಲ್ಲಿಗೆ ಮಿಸ್ರಿ ಹಚ್ಚಿಕೊಳ್ಳುತ್ತಿದ್ದೆ. ನಮ್ಮ ಕಡೆಯವರಿಗೆ ಮಿಸ್ರಿ ಏನೆಂದು ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ: ತಂಬಾಕಿನ ಎಲೆಯನ್ನು ತವೆಯ ಮೇಲೆ ಕರ್ರಗೆ ಹುರಿದು, ಅರೆದು, ವಸ್ತ್ರದಲ್ಲಿ ಸೋಸಿದ ಪುಡಿ. ಎದ್ದಕೂಡಲೇ ಬೆರಳ ತುದಿಯಲ್ಲಿ ತೆಗೆದುಕೊಂಡು ಹಲ್ಲಿಗೂ ವಸಡಿಗೂ ತಿಕ್ಕಿ, ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು ಹಿತ್ತಲಲ್ಲಿ ಕೂತರೆ ತಲೆಗೆ ಒಂದು ಹಗುರ ಬರುತ್ತದೆ, ಹೊಟ್ಟೆಯೂ ಹೇಳಿದ ಮಾತು ಕೇಳುತ್ತದೆ. ಆಮೇಲೆ ಸ್ನಾನ, ಲಿಂಗಪೂಜೆ, ನಾಷ್ಟಾ. ಅಜ್ಜಿ ಹಚ್ಚಿಕೊಳ್ಳುತ್ತಿದ್ದಳು, ಅವ್ವನೂ ಹಚ್ಚಿಕೊಳ್ಳುತ್ತಿದ್ದಳು, ಶಾಲೆಗೆ ಹೋಗುವ ಮೊದಲೇ ನನಗೂ ಹಚ್ಚಿದ್ದರು. ನಮ್ಮ ಮನೆಯಲ್ಲಿ ಬೀಡಿ ಸೇದುವವನು ಕೆಟ್ಟವನು, ತಂಬಾಕು ಜಗಿಯುವವನು ಅವನಿಗಿಂತ ಸ್ವಲ್ಪ ವಾಸಿ, ಮಿಸ್ರಿ ಹಚ್ಚುವವನು ಹಲ್ಲು ಸ್ವಚ್ಛ ಇಟ್ಟುಕೊಳ್ಳುವವನು. ಈ ಮೂರನೆಯ ಗುಂಪಿನಲ್ಲಿ ನಾನು ಡಾಕ್ಟರೇಟಿನ ಆಚೆಗೂ ಇದ್ದೆ.

ಮಿಸ್ರಿ ಬರುತ್ತಿದ್ದದ್ದು ಮುರಗೋಡದಿಂದ, ಅವ್ವನ ಕೈಯದು. ಅವ್ವ ಗುರುಬಸವ್ವ ನನ್ನ ತಮ್ಮನ ಸಂಸಾರದ ಜೊತೆ ಊರಲ್ಲೇ ಇದ್ದಾಳೆ. ಮುಚ್ಚಳದ ಮೇಲೆ ಅವಳ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಒಂದು ಸ್ಟೀಲ್ ಡಬ್ಬಿ. ಅದನ್ನು ಅರಿವೆಯಲ್ಲಿ ಕಟ್ಟಿ ಮುರಗೋಡ ಹಾದು ಬರುವ ಬಸ್ಸಿನ ಕಂಡಕ್ಟರ್ ಅಂದಾನೆಪ್ಪನ ಕೈಗೆ ಕೊಡುತ್ತಿದ್ದಳು, ನಾನು ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಇಸಿದುಕೊಳ್ಳುತ್ತಿದ್ದೆ. ಪುಡಿ ಮುಗಿದ ಮೇಲೆ ಡಬ್ಬಿ ಹಾಗೇ ಹಿಂದೆ ಹೋಗಬಾರದು. ಒಂದು ಹಿಡಿ ಸಕ್ಕರೆಯೋ, ನಾಲ್ಕು ಪೇಢೆಯೋ ಹಾಕಿಯೇ ಕಳಿಸಬೇಕು. ಈ ವಿಷಯದಲ್ಲಿ ಅವ್ವ ಬಲು ಖಡಕ್. "ಬರೇ ಡಬ್ಬಿ ಕಳಸೂದಂದ್ರ ಸಂಬಂಧ ತೀರಿತು ಅಂದಂಗ," ಅನ್ನುತ್ತಾಳೆ. ಪಕ್ಕದ ಮನೆಯ ಸೋಮವ್ವನ ಜೊತೆ ಮಾತು ಬಿಟ್ಟಿದ್ದ ಕಾಲದಲ್ಲೂ ಅವಳ ಪಾತ್ರೆಯನ್ನು ಎರಡು ಒಣಮೆಣಸಿನಕಾಯಿ ಹಾಕಿಯೇ ಹಿಂದಿರುಗಿಸಿದವಳು.

ಹೋದ ವರ್ಷ ಚಳಿ ಬೀಳುವ ಹೊತ್ತಿಗೆ ಬಲಗಾಲಿನ ಕಿರುಬೆರಳು ತಣ್ಣಗಾಗತೊಡಗಿತು. ಕಾಲೇಜಿಗೆ ನಡೆದು ಹೋಗುವಾಗ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ನಿಂತರೆ ಬಿಡುತ್ತಿತ್ತು. ಆಮೇಲೆ ಬೆರಳು ನೀಲಿಯಾಯಿತು, ತುದಿಯಲ್ಲಿ ಒಂದು ಹುಣ್ಣು ಎದ್ದು ಆರದೆ ಉಳಿಯಿತು. ಹೆಂಡತಿ ಉಮಾಶ್ರೀ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು, ಆರದ ಹುಣ್ಣನ್ನು ಕಂಡು ಸುಮ್ಮನೆ ಕೂರುವವಳಲ್ಲ. ನನ್ನನ್ನು ಎಳೆದುಕೊಂಡು ಸಂದೀಪನ ದವಾಖಾನೆಗೆ ಹೋದಳು.

ಸಂದೀಪ ನನ್ನ ಹಳೆಯ ವಿದ್ಯಾರ್ಥಿ. ಈಗ ಊರಲ್ಲಿ ಹೆಸರು ಮಾಡಿದ ಸರ್ಜನ್. ನಾನು ಒಳಗೆ ಹೋದಕೂಡಲೇ ಎದ್ದು ನಿಂತ, ತನ್ನ ಕುರ್ಚಿ ತೋರಿಸಿದ, ನಾನು ಕೂತುಬಿಟ್ಟೆ. ಹೀಗಾಗಿ ಪೇಷಂಟ್ ಡಾಕ್ಟರನ ಕುರ್ಚಿಯಲ್ಲಿ, ಡಾಕ್ಟರ್ ಪೇಷಂಟಿನ ಕಾಲ ಬಳಿ. ನಾಡಿ ಮುಟ್ಟಿ ನೋಡಿದ, ಸಕ್ಕರೆ ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಂಡ, ಬೆಳಗಾವಿಗೆ ಕಳಿಸಿ ಸ್ಕ್ಯಾನ್ ಮಾಡಿಸಿದ. ಕಾಲಿನ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತಿವೆ ಎಂದು ತಿಳಿಯಿತು. ಹೀಗೇ ಬಿಟ್ಟರೆ ಬೆರಳು ಹೋಗುತ್ತದೆ, ಬೆರಳಿಗೆ ನಿಲ್ಲದಿದ್ದರೆ ಪಾದ ಹೋಗುತ್ತದೆ.

"ಈ ಬ್ಯಾನಿ ಬರೂದು ಬಹಳ ಮಾಡಿ ತಂಬಾಕಿನವರಿಗೆ ರೀ ಸರ್ರ," ಎಂದ ಸಂದೀಪ, ನೆಲ ನೋಡುತ್ತ. "ತಾವು ಏನಾರ..."

ನಾನು ನಕ್ಕೆ. "ಸಂದೀಪ, ತಂಬಾಕಿನ ಮ್ಯಾಲೆ ನಾ ಪಿಎಚ್‌ಡಿ ಮಾಡೇನಿ. ನನ್ನ ಕೇಳತಿಯೇನೋ?"

"ತಪ್ಪಾತ್ರಿ ಸರ್ರ," ಎಂದು ಅವನು ಮುಂದಿನ ಪ್ರಶ್ನೆಗೆ ಹೋದ. ಗುರುಗಳ ಬಾಯಿ ತೆರೆಸಿ ಹಲ್ಲು ನೋಡುವ ಪದ್ಧತಿ ನಮ್ಮ ಕಡೆ ಇಲ್ಲ. ಬೇರೆ ಯಾರೇ ಆಗಿದ್ದರೂ ಅವನು ಟಾರ್ಚ್ ಹಾಕಿ ನೋಡುತ್ತಿದ್ದ. ನಾನು ಆ ಸಮಯವನ್ನು ಅವನಿಗೆ ಪೊಟ್ಯಾಸಿಯಂ ಬಾಗಿಲುಗಳ ಬಗ್ಗೆ ಹೇಳಲು ಬಳಸಿದೆ. ಹೊರಗೆ ಪೇಷಂಟುಗಳು ಕಾಯುತ್ತಿದ್ದರು. ಅವನು ಕೈ ಕಟ್ಟಿಕೊಂಡು ಪೂರ್ತಿ ಕೇಳಿದ.

ಅವನು ಕೊಟ್ಟ ಗುಳಿಗೆಗಳ ಜೊತೆಗೆ ನನ್ನದೂ ಒಂದು ಚಿಕಿತ್ಸೆ ಶುರುವಾಯಿತು. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸಬೇಕು, ಇಷ್ಟು ಸರಳ. ನೆಲ್ಲಿಕಾಯಿ ರಸ ಕುಡಿದೆ, ಅರಿಷಿಣದ ಹಾಲು ಕುಡಿದೆ, ಹುಲ್ಲಿನ ರುಚಿಯ ಹಸಿರು ಚಹಾ ಕುಡಿದೆ, ಮೀನಿನ ಕಣ್ಣಿನಂಥ ವಿಟಮಿನ್ ಮಾತ್ರೆ ನುಂಗಿದೆ. ಇಂಥ ಮಾತ್ರೆಗಳನ್ನು ಸಾವಿರಾರು ಜನರಿಗೆ ಕೊಟ್ಟು ನೋಡಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲವೆಂದು ತರಗತಿಯಲ್ಲಿ ಹೇಳುವವನೂ ನಾನೇ. ಆದರೆ ಅದು ಬೇರೆಯವರ ಕಾಲಿನ ಮಾತು. ಈ ಎಲ್ಲ ಅಮೃತವನ್ನೂ ನಾನು ಮಿಸ್ರಿ ಉಗುಳಿ, ಬಾಯಿ ಮುಕ್ಕಳಿಸಿದ ಮೇಲೆಯೇ ಕುಡಿಯುತ್ತಿದ್ದೆ. ಕಾಲು ನೋವು ಹೆಚ್ಚಾದಂತೆ ಚಿಂತೆ ಹೆಚ್ಚಿತು, ಚಿಂತೆ ಹೆಚ್ಚಿದಂತೆ ಮಿಸ್ರಿಯೂ ಹೆಚ್ಚಿತು. ಬೆಳಿಗ್ಗೆ ಮಾತ್ರ ಇದ್ದದ್ದು ಸಂಜೆಗೂ ಬಂತು. ಉಮಾಶ್ರೀಗೆ ಅದರಲ್ಲಿ ಏನೂ ಕಾಣಲಿಲ್ಲ. ಗಂಡ ಎರಡು ಹೊತ್ತು ಹಲ್ಲು ತಿಕ್ಕುತ್ತಾನೆ ಎಂದರೆ ಯಾವ ಹೆಂಡತಿ ಬೇಡ ಅನ್ನುತ್ತಾಳೆ?

ಬೆರಳು ಕಪ್ಪಾಯಿತು. ಸಂದೀಪ ದವಾಖಾನೆಗೆ ಸೇರಿಸಿಕೊಂಡು ರಕ್ತ ಹರಿಸುವ ಔಷಧವನ್ನು ಸೂಜಿಯಲ್ಲಿ ಕೊಟ್ಟು ನೋಡೋಣ ಎಂದ. ಉಮಾಶ್ರೀ ಟವೆಲ್, ಲುಂಗಿ, ಲಿಂಗಪೂಜೆಯ ಸಾಮಾನುಗಳ ಜೊತೆ ಅವ್ವನ ಡಬ್ಬಿಯನ್ನೂ ಚೀಲಕ್ಕೆ ಹಾಕಿದ್ದಳು. ಮರುದಿನ ಬೆಳಿಗ್ಗೆ ನಾನು ಮಂಚದ ಮೇಲೆ ಕೂತು, ತೊಡೆಯ ಮೇಲೆ ತಂಬಿಗೆ ಇಟ್ಟುಕೊಂಡು, ಬಾಯಿ ತುಂಬ ಕರಿ ನೀರು ತುಂಬಿಕೊಂಡು ಸುಖವಾಗಿದ್ದಾಗ ಸಂದೀಪ ರೌಂಡಿಗೆ ಬಂದ.

"ಹ್ಯಾಂಗ ಅದೀರಿ ಸರ್ರ?"

ಬಾಯಿ ತೆರೆಯುವಂತಿಲ್ಲ. ಕೈಯಿಂದ ತಡೆ ಎಂದೆ. ತಂಬಿಗೆಗೆ ಉಗುಳಿ, ಬಾಯಿ ಒರೆಸಿಕೊಂಡು, "ಹಲ್ಲ ತಿಕ್ಕಾಕತ್ತಿದ್ನೆಪ," ಎಂದೆ.

ಅವನು ತಂಬಿಗೆಯೊಳಗೆ ನೋಡಿದ. "ಯಾತರಲೆ ತಿಕ್ಕತೀರಿ ಸರ್ರ?"

"ಮಿಸ್ರಿಲೆ."

ಸಂದೀಪ ನನ್ನ ಕೈಯಿಂದ ತಂಬಿಗೆ ಇಸಿದುಕೊಂಡು ಕೆಳಗಿಟ್ಟ. ಆಮೇಲೆ ನಾನು ತರಗತಿಯಲ್ಲಿ ದಡ್ಡ ಹುಡುಗನಿಂದ ಉತ್ತರ ಹೊರಡಿಸುವ ಧಾಟಿಯಲ್ಲೇ ಮೆತ್ತಗೆ ಕೇಳಿದ: "ಮಿಸ್ರಿ ಯಾತರಲೆ ಮಾಡತಾರ್ರಿ ಸರ್ರ?"

"ಅದೇನಪ, ಎಲಿ ಹುರದು... ತಂಬಾ..."

ಅಲ್ಲಿಗೆ ನಿಂತೆ. ಪೂರ್ತಿ ಹೇಳಬೇಕಾಗಿ ಬರಲಿಲ್ಲ. ಇಷ್ಟು ವರ್ಷ ಆ ಮಾತು ನನ್ನ ಬಾಯಲ್ಲೇ ಇತ್ತು, ಪುಡಿಯೂ ಬಾಯಲ್ಲೇ ಇತ್ತು, ಎರಡೂ ಒಂದನ್ನೊಂದು ಭೇಟಿಯಾಗಿರಲಿಲ್ಲ. ಮೂಲೆಯಲ್ಲಿ ಚಹಾ ಸೋಸುತ್ತಿದ್ದ ಉಮಾಶ್ರೀ ಸೋಸುವುದನ್ನು ನಿಲ್ಲಿಸಿದಳು.

"ಓದೂದು ಕಾಶಿಖಂಡ, ತಿನ್ನೂದು ಮಸಿಕೆಂಡ," ಎಂದಳು. ಈ ಗಾದೆ ಮಾಡಿದವನು ನನ್ನನ್ನು ಎದುರಿಗೆ ಕೂರಿಸಿಕೊಂಡು ಮಾಡಿರಬೇಕು. ಅವಳು ಡಬ್ಬಿ ತೆಗೆದುಕೊಂಡು ಹೋಗಿ ಪುಡಿಯನ್ನು ಮೋರಿಗೆ ಸುರಿದಳು.

ಕಿರುಬೆರಳು ಉಳಿಯಲಿಲ್ಲ. ಅದನ್ನು ತೆಗೆದ ಮರುದಿನ ಸಂದೀಪ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ. "ಸರ್ರ, ಈ ಗಾಯ ಆರಿದ್ರ ಕಾಲು ನಿಮ್ಮದು. ಇದು ಆರೂದರಾಗ ಒಂದ ಸಲ ಬಾಯಿಗೆ ಹಚ್ಚಿದ್ರೂ ನಾ ಹಿಂಬಡದಿಂದ ಮ್ಯಾಲೆ ಕಾಲ ಕೊಯ್ಯಬೇಕಾಗತೈತಿ. ಆವಾಗ ಅಳಬ್ಯಾಡ್ರಿ." ನನ್ನ ವಿದ್ಯಾರ್ಥಿ ನನ್ನನ್ನು ಬೈದದ್ದು ನನಗೆ ಬಹಳ ಹಿತವಾಯಿತು. ಮೊದಲ ದಿನವೇ ಬೈದಿದ್ದರೆ ಬೆರಳು ಇರುತ್ತಿತ್ತೋ ಏನೋ, ಆದರೆ ಬೈಯಲು ನಾನು ಅವನಿಗೆ ಕುರ್ಚಿಯನ್ನೇ ಬಿಟ್ಟಿರಲಿಲ್ಲ.

ಬಿಡುವುದು ಏನು ಮಹಾ ಎಂದುಕೊಂಡಿದ್ದೆ. ಮನೆಗೆ ಬಂದ ಮೇಲೆ ಗೊತ್ತಾಯಿತು. ಎದ್ದಕೂಡಲೇ ತೋರುಬೆರಳು ತಾನಾಗಿ ಬಾಯೊಳಗೆ ಹೋಗುತ್ತಿತ್ತು, ತೊಟ್ಟಿಲ ಕೂಸಿನಂತೆ. ಪೇಸ್ಟ್ ಹಾಕಿ ತಿಕ್ಕಿದರೆ ಯಾರದೋ ಬಾಯಿ ತೊಳೆದಂತೆ ಅನ್ನಿಸುತ್ತಿತ್ತು. ಹೊಟ್ಟೆ ಅಸಹಕಾರ ಹೂಡಿತು. ಕೈಗೆ ಸಿಕ್ಕವರ ಮೇಲೆಲ್ಲ ರೇಗಿದೆ. ಒಂದು ಮಧ್ಯಾಹ್ನ ಕುಂಟುತ್ತ ಮೋರಿಯ ಹತ್ತಿರ ಹೋಗಿ, ಪುಡಿಯ ಗುರುತು ಎಲ್ಲಾದರೂ ಉಳಿದಿದೆಯೇ ಎಂದು ಬಗ್ಗಿ ನೋಡಿದೆ. ಪುಡಿ ಸುರಿದದ್ದು ದವಾಖಾನೆಯ ಮೋರಿಗೆ, ನಾನು ನೋಡುತ್ತಿದ್ದದ್ದು ಮನೆಯ ಮೋರಿ. ಪಿಎಚ್‌ಡಿ ಮನುಷ್ಯನನ್ನು ಎಲ್ಲಿಯವರೆಗೆ ಕರೆದೊಯ್ಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನಲ್ಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಆಗಲೇ. ಮನೆಯಲ್ಲಿ ಒಂದು ಚಿಟಿಕೆ ಇದ್ದಿದ್ದರೆ ಹಚ್ಚಿಕೊಳ್ಳುತ್ತಿದ್ದೆ, ಕಾಲು ಹೋದರೆ ಹೋಗಲಿ ಎಂದು.

ಇದರ ನಡುವೆ ಇನ್ನೊಂದು ಎಡವಟ್ಟಾಗಿತ್ತು. ಉಮಾಶ್ರೀ ಡಬ್ಬಿ ತೊಳೆದು, ರೂಢಿಯಂತೆ ಹಿಡಿ ಸಕ್ಕರೆ ಹಾಕಿ ಅಂದಾನೆಪ್ಪನ ಕೈಗೆ ಕೊಟ್ಟುಬಿಟ್ಟಿದ್ದಳು. ಸಕ್ಕರೆ ಬಂತೆಂದರೆ ಪುಡಿ ಮುಗಿದಿದೆ ಎಂದರ್ಥ. ಮಗನ ಬೆರಳು ತೆಗೆದ ಸುದ್ದಿ ಕೇಳಿದ ಅವ್ವ, ಹೊಸದಾಗಿ ಹುರಿದು, ಅರೆದು, ಸೋಸಿ, ತುಂಬಿದ ಡಬ್ಬಿ ಹಿಡಿದುಕೊಂಡು ತಾನೇ ಬಂದಳು.

ನನ್ನ ಮಂಚದ ಬದಿಗೆ ಕೂತು, ಕಟ್ಟಿದ ಕಾಲನ್ನು ನೋಡಿ ಕಣ್ಣೊರೆಸಿಕೊಂಡು, ಸೆರಗಿನೊಳಗಿಂದ ಡಬ್ಬಿ ತೆಗೆದಳು. "ಗುಳಿಗಿ ತಿಂದು ಬಾಯಿ ಕೆಟ್ಟಿರತೈತಿ. ಹಚ್ಚಿಕೊ ತಮ್ಮಾ, ಹಗರ ಆಗತೈತಿ." ಮುಚ್ಚಳ ತೆಗೆದಳು. ಆ ವಾಸನೆಗೆ ನನ್ನ ಬಾಯಲ್ಲಿ ನೀರೂರಿತು, ಬೆರಳು ಡಬ್ಬಿಯ ಕಡೆ ಹೊರಟಿತು.

ಕೈಯನ್ನು ಹಾಸಿಗೆಯ ಕೆಳಗೆ ಇಟ್ಟುಕೊಂಡು ನಾನು ಪಾಠ ಶುರು ಮಾಡಿದೆ. ಅವ್ವನಿಗೆ ನನ್ನ ಪಿಎಚ್‌ಡಿ ಏನೆಂದು ಹೇಳಿದ್ದು ಅದೇ ಮೊದಲು. "ಯವ್ವ, ಮಳಿಗಾಲದಾಗ ನಮ್ಮ ಹಿತ್ತಲ ಬಾಗಲಾ ಉಬ್ಬಿ ಬಿಗದು ಕುಂದ್ರತೈತಲ್ಲ? ರಕ್ತ ಹರಿಯೂ ನರದಾಗೂ ಹಂಗ ಸಣ್ಣ ಸಣ್ಣ ಬಾಗಲಾ ಅದಾವು. ಅವು ಬಿಗದ್ರ ನರ ಬಿಗೀತೈತಿ. ನರ ಬಿಗದ್ರ ಬೆರಳಿಗೆ ರಕ್ತ ಇಲ್ಲ."

"ಯಾತರಲೆ ಬಿಗದೂವು?"

"ತಂಬಾಕಲೆ."

ಅವ್ವ ಡಬ್ಬಿ ನೋಡಿದಳು. "ನಾ ತಿಳಿಯಾಕ ಬಂದಾಗಿಂದ ಹಚ್ಚತೇನಿ. ನನ್ನ ಕಾಲ ನೆಟ್ಟಗ ಅದಾವಲ್ಲೊ."

ಲ್ಯಾಬಿನಲ್ಲೂ ಎಷ್ಟು ಸಾರ ಬಿಟ್ಟರೂ ಬಿಗಿಯದ ಕೆಲವು ಉಂಗುರ ಇರುತ್ತಿದ್ದವು. "ಎಲ್ಲಾರಿಗೂ ಆಗೂದಿಲ್ಲವ್ವ. ನನಗ ಆತು," ಎಂದೆ.

"ಅಂದ್ರ ನಾ ಹುರದ ಕಳಿಸಿದ್ದು."

"ನೀ ಕಳಿಸಿದ್ದು ಖರೆ. ಆದ್ರ ಕಲತಾವ ನಾನಲ್ಲೇನವ್ವ? ಹಚ್ಚಿಕೊಂಡಾವ ನಾ."

ಆ ಮಾತು ಅವಳಿಗೆ ಮುಟ್ಟಿದಂತೆ ಕಾಣಲಿಲ್ಲ. ಮುಚ್ಚಳ ಹಾಕಿ, ಡಬ್ಬಿಯನ್ನು ಮತ್ತೆ ಸೆರಗಿನಲ್ಲಿ ಕಟ್ಟಿಕೊಂಡಳು. ಉಮಾಶ್ರೀ ಎಷ್ಟು ಹೇಳಿದರೂ ಊಟಕ್ಕೆ ನಿಲ್ಲದೆ ಸಂಜೆಯ ಬಸ್ಸಿಗೆ ಹೊರಟುಹೋದಳು. ಅವಳ ಮೇಲೆ ತಪ್ಪು ಹೊರಿಸಿ ಕಳಿಸಿದೆನೇನೋ ಎಂದು ನನಗೆ ಬಹಳ ಸಂಕಟವಾಯಿತು.

ಗಾಯ ಆರುತ್ತ ಬಂತು, ಆದರೆ ಪೂರ್ತಿ ಮುಚ್ಚಲಿಲ್ಲ. ಒಂದು ಮೂಲೆ ಹಸಿಯಾಗೇ ಉಳಿದು ಸಂದೀಪನ ಹಣೆಯನ್ನು ಗಂಟಿಕ್ಕಿಸುತ್ತಿತ್ತು. ಅಷ್ಟರಲ್ಲಿ ಒಂದು ದಿನ ಅಂದಾನೆಪ್ಪ ಫೋನ್ ಮಾಡಿದ: "ಸರ್ರ, ಅವ್ವಾರು ಡಬ್ಬಿ ಕೊಟ್ಟಾರ್ರಿ. ಬಸ್‌ಸ್ಟ್ಯಾಂಡಿಗೆ ಬರ್ರಿ."

ರಿಕ್ಷಾದಲ್ಲಿ ಹೋಗಿ ಇಸಿದುಕೊಂಡೆ. ಅದೇ ಅರಿವೆ, ಅದೇ ಗಂಟು. ಅಲ್ಲಾಡಿಸಿ ನೋಡಿದರೆ ಗೊತ್ತಾಗುತ್ತಿತ್ತು, ಅಲ್ಲಾಡಿಸಲಿಲ್ಲ. ಇಷ್ಟು ವರ್ಷ ಮಗನಿಗೆ ಕೊಟ್ಟ ಅವ್ವ ಕೊಡದೆ ಹ್ಯಾಗಿರುತ್ತಾಳೆ, ಮಗ ಸೊರಗಿದ್ದನ್ನು ನೋಡಿ ಹೋಗಿದ್ದಾಳೆ, ಒಂಚೂರು ಹಚ್ಚಿಕೊಂಡರೆ ಏನಾಗುತ್ತದೆ ಎಂದು ಹಾಕಿಯೇ ಇರುತ್ತಾಳೆ. ಹಾಕಿರಬಾರದು ಎಂದು ಅರ್ಧ ಮನಸ್ಸು. ಉಳಿದ ಅರ್ಧ ಏನು ಬೇಡಿಕೊಳ್ಳುತ್ತಿತ್ತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಮನೆಗೆ ಬಂದು ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, "ನೀನ ತಗಿ," ಎಂದೆ ಉಮಾಶ್ರೀಗೆ.

"ನೀವ ತಗೀರಿ. ನಾ ತಗದ್ರ ಏನ್ ಉಪಯೋಗ?" ಎಂದಳು. ಎದುರಿಗೆ ನಿಂತಳು, ಆದರೆ ಕೈ ಹಚ್ಚಲಿಲ್ಲ.

ಗಂಟು ಬಿಚ್ಚಿದೆ. ಮುಚ್ಚಳ ತೆಗೆದೆ.

ಒಳಗೆ ಏನೂ ಇರಲಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಿಸಿಲಿಗೆ ಒಣಗಿಸಿದ ಡಬ್ಬಿ. ಹಳೆಯ ವಾಸನೆಯೂ ಉಳಿಯದಂತೆ ತೊಳೆದಿದ್ದಳು. ಸಂದಿಯಲ್ಲಿ ಸಕ್ಕರೆಯ ಹರಳೇನಾದರೂ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿದೆ. ಅದೂ ಇರಲಿಲ್ಲ.

"ಬರೇ ಡಬ್ಬಿ ಕಳಿಸ್ಯಾರಲ್ರಿ ಅತ್ಯಾರು," ಎಂದಳು ಉಮಾಶ್ರೀ, ನಂಬಲಾಗದೆ.

ನಾನು ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕೂತು ಅತ್ತೆ. ಜಗಳವಾಡಿದ ಸೋಮವ್ವನಿಗೂ ಬರಿಯ ಪಾತ್ರೆ ಕೊಡದ ನನ್ನ ಅವ್ವ, ಹೊಟ್ಟೆಯ ಮಗನಿಗೆ ಬರಿಯ ಡಬ್ಬಿ ಕಳಿಸಿದ್ದಳು. ಅದನ್ನು ಕಂಡಕ್ಟರನ ಕೈಗಿಡುವಾಗ ಅವಳಿಗೆ ಎಷ್ಟು ಕಷ್ಟವಾಗಿರಬೇಕು ಎಂಬುದು ನನಗೆ ಗೊತ್ತಿತ್ತು. ಅದಾದ ಮೇಲೆ ಬೆರಳು ಬಾಯಿಗೆ ಹೋದಾಗಲೆಲ್ಲ ಹೋಗಿ ಆ ಡಬ್ಬಿಯ ಮುಚ್ಚಳ ತೆಗೆದು ನೋಡಿ ಬರುತ್ತಿದ್ದೆ.

ಹಸಿಯಾಗಿದ್ದ ಮೂಲೆಯೂ ಒಣಗಿತು. ಸಂದೀಪ ಪಟ್ಟಿ ಬಿಚ್ಚಿ, ಪಾದ ಮುಟ್ಟಿ, "ಬೆಚ್ಚಗ ಐತ್ರಿ ಸರ್ರ," ಎಂದ. ನಾನು ಈ ಸಲ ಪೇಷಂಟಿನ ಕುರ್ಚಿಯಲ್ಲೇ ಕೂತಿದ್ದೆ, ಪೊಟ್ಯಾಸಿಯಂ ವಿಷಯ ಎತ್ತಲಿಲ್ಲ.

ಡಬ್ಬಿ ಹಿಂದೆ ಕಳಿಸಬೇಕಲ್ಲ, ಅದಕ್ಕೆ ಏನು ಹಾಕುವುದು ಎಂಬ ಪ್ರಶ್ನೆ ಉಳಿಯಿತು. ಉಮಾಶ್ರೀ ಸಕ್ಕರೆ ಅಂದಳು, ಪೇಢೆ ಅಂದಳು. ಯಾವುದೂ ಮನಸ್ಸಿಗೆ ಬರಲಿಲ್ಲ. ಕೊನೆಗೆ ಅದನ್ನು ಹಾಗೇ ಅರಿವೆಯಲ್ಲಿ ಕಟ್ಟಿಕೊಂಡು ಅಂದಾನೆಪ್ಪನ ಬಸ್ಸು ಹತ್ತಿದೆ. ಮುರಗೋಡದಲ್ಲಿ ಇಳಿದು ಮನೆಯವರೆಗೆ ನಡೆದೇ ಹೋದೆ. ಸ್ವಲ್ಪ ಕುಂಟಿದೆ, ಆದರೆ ಮೀನಖಂಡ ಎಲ್ಲೂ ಹಿಡಿಯಲಿಲ್ಲ.

ಅವ್ವ ಕಟ್ಟೆಯ ಮೇಲೆ ಕೂತು ಕಡಲೆ ಹಸನು ಮಾಡುತ್ತಿದ್ದಳು. ನಾನು ಬರುವುದು ಕಂಡು ಮೊರ ಕೆಳಗಿಟ್ಟಳು. ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು. ನಾನು ಕಟ್ಟೆ ಹತ್ತಿ ಪಕ್ಕದಲ್ಲಿ ಕೂರುವ ತನಕ ಆ ಎರಡು ಕಾಲುಗಳನ್ನೇ ನೋಡಿದಳು. ಆಮೇಲೆ ನನ್ನ ಕೈಯ ಗಂಟಿನ ಕಡೆ ತಿರುಗಿದಳು.

"ಏನ ಹಾಕ್ಕೊಂಡ ಬಂದಿ?"

"ಏನಿಲ್ಲವ್ವ. ಬರೇದ ತಂದೇನಿ."

ಅವಳು ಮುಚ್ಚಳ ತೆಗೆದು ಒಳಗೆ ನೋಡಿ, ಮತ್ತೆ ಮುಚ್ಚಿ, ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಛಲೋ ಮಾಡಿದಿ," ಎಂದು ನಕ್ಕಳು. ಅವಳ ವಸಡಿನ ಮೇಲೂ ಮಿಸ್ರಿಯ ಕರಿ ಇರಲಿಲ್ಲ.